ಬೇಕಿತ್ತು ಎಂಬ ವಿನಯ: ಇಂಗ್ಲಿಷಿನ ಇಚ್ಛಾರ್ಥ, ಹಿತಾರ್ಥಗಳ ಒಂದು ಸಮೀಕ್ಷೆ

ಮಂಗಳೂರಿನ ಹಂಪನಕಟ್ಟೆಯ ಜನಸಂದಣಿಯನ್ನು ಹಿಂದೆ ಬಿಟ್ಟು ಕಂಕನಾಡಿಯ ಕಡೆಗೆ ಸಾಗುವ ಫಳ್ನೀರ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆದವನ ಕಿವಿಗೆ ಅಷ್ಟರಲ್ಲಿಯೇ ಐದು ಭಾಷೆಗಳು ಬಿದ್ದಿರುತ್ತವೆ: ರಿಕ್ಷಾ ನಿಲ್ಲುವಲ್ಲಿ ತುಳು, ಹೆಂಚಿನ ಮಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಕೊಂಕಣಿ, ಅಂಗಡಿಯವರ ಒಳಮಾತಿನಲ್ಲಿ ಬ್ಯಾರಿ, ಆಸ್ಪತ್ರೆಯ ಚೀಟಿ ಮಾಡಿಸುವ ಕಿಂಡಿಯಲ್ಲಿ ಕನ್ನಡ, ಒಳಗೆ ವೈದ್ಯರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುವಾಗ ಇಂಗ್ಲಿಷು. ಇವುಗಳಲ್ಲಿ ಮೂರನ್ನಾದರೂ ದಿನವೂ ಬಳಸುವ ಇಲ್ಲಿಯ ಜನರು, ತಮಗೆ ಇಂಥದು ಬೇಕು, ಇಂಥದು ಬೇಡ ಎಂಬುದನ್ನು ಎದುರಿಗಿರುವವರ ಮನಸ್ಸು ನೋಯದಂತೆ ತಿಳಿಸುವುದರಲ್ಲಿಯೂ, ಹಿರಿಯರಿಗೆ ಒಂದು ಬಗೆ, ಸರೀಕರಿಗೆ ಒಂದು ಬಗೆ, ಮಕ್ಕಳಿಗೆ ಮತ್ತೊಂದು ಬಗೆ ಎಂದು ಹಿತವಚನವನ್ನು ಅಳೆದು ಆಡುವುದರಲ್ಲಿಯೂ ಯಾವ ಪಂಡಿತರಿಗೂ ಕಡಮೆಯಿಲ್ಲದ ಚತುರರು. ಹೀಗಿದ್ದೂ ಅದೇ ಜನ ಇಂಗ್ಲಿಷಿನಲ್ಲಿ ತಮ್ಮ ಇಚ್ಛೆಯನ್ನು ತಿಳಿಸಬೇಕಾದಾಗ, ಅಥವಾ ಗಟ್ಟಿಯಾಗಿ ಒಂದು ಹಿತವನ್ನು ಹೇಳಬೇಕಾದಾಗ, ಒಂದೋ ಅಪ್ಪಣೆ ಕೊಟ್ಟಂತೆ ಒರಟಾಗಿಬಿಡುತ್ತಾರೆ, ಇಲ್ಲವೇ ಏನನ್ನೂ ಹೇಳದಷ್ಟು ಮೆತ್ತಗಾಗಿಬಿಡುತ್ತಾರೆ. ಇದಕ್ಕೆ ಕಾರಣವು ನಮ್ಮವರ ಗ್ರಹಣಶಕ್ತಿಯ ಕೊರತೆಯೆ, ಇಂಗ್ಲಿಷಿನ ವಕ್ರತೆಯೆ, ಅಥವಾ ತಲೆಮಾರುಗಳಿಂದ ನಾವು ಅದನ್ನು ಕಲಿಸುತ್ತ ಬಂದಿರುವ ಕ್ರಮದ ದೋಷವೆ ಎಂಬ ಪ್ರಶ್ನೆಯನ್ನು ಒಮ್ಮೆ ಸಮಗ್ರವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ವಿಷಯದ ಎಲ್ಲೆಯನ್ನು ಗುರುತಿಸಿಕೊಳ್ಳೋಣ. ಎರಡು ವಸ್ತುಗಳಲ್ಲಿ ಒಂದು ತನಗೆ ಹೆಚ್ಚು ಇಷ್ಟವೆಂದು ಹೇಳುವುದಕ್ಕೆ ಇಂಗ್ಲಿಷಿನಲ್ಲಿ 'ಪ್ರಿಫರ್' ಎಂಬ ಕ್ರಿಯಾಪದವೂ, ಈ ಹೊತ್ತಿಗೆ ಇದೇ ಆಗಲಿ ಎಂಬುದಕ್ಕೆ 'ವುಡ್ ಪ್ರಿಫರ್', 'ವುಡ್ ರಾದರ್', 'ವುಡ್ ಸೂನರ್' ಎಂಬ ಪದಪುಂಜಗಳೂ ಇವೆ. ಹಿತವನ್ನು ಹೇಳುವಲ್ಲಿ 'ಶುಡ್', 'ಆಟ್ ಟು', 'ಹ್ಯಾಡ್ ಬೆಟರ್', 'ಮಸ್ಟ್' ಎಂಬ ನಾಲ್ಕು ಮೆಟ್ಟಿಲುಗಳು. ಅವುಗಳ ಜೊತೆಗೆ, ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ ಎಂಬ ಬಳಸುಮಾತು. ಪಟ್ಟಿ ಇಷ್ಟೇ. ಶಾಲೆಯ ಹುಡುಗನು ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಬಹುದಾದ ಈ ಏಳೆಂಟು ಪದಗಳು ಜೀವಮಾನವೆಲ್ಲ ಕಾಡುವುದೇಕೆಂದರೆ, ಇವುಗಳ ಅರ್ಥವು ನಿಘಂಟಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆಡುವವನಿಗೂ ಕೇಳುವವನಿಗೂ ಇರುವ ಸಂಬಂಧದಲ್ಲಿ ಇದೆ.

ಈ ತತ್ತ್ವವು ನಮ್ಮ ದೇಶದ ಶಾಸ್ತ್ರಕ್ಕೆ ಹೊಸದಲ್ಲ. ಪಾಣಿನಿಯು ಲಿಙ್ ಲಕಾರದ ಅರ್ಥಗಳನ್ನು ಹೇಳುವಾಗ ವಿಧಿ, ನಿಮಂತ್ರಣ, ಆಮಂತ್ರಣ, ಅಧೀಷ್ಟ, ಸಂಪ್ರಶ್ನ, ಪ್ರಾರ್ಥನೆ ಎಂದು ಆರನ್ನು ಎಣಿಸಿದನು. ವ್ಯಾಖ್ಯಾನಕಾರರು ಇವುಗಳನ್ನು ಬಿಡಿಸಿದ ಬಗೆ ಗಮನಾರ್ಹವಾದುದು: ಕೆಳಗಿನವನಿಗೆ ಕೊಡುವ ಅಪ್ಪಣೆ ವಿಧಿ, ಶ್ರಾದ್ಧದ ಊಟಕ್ಕೆ ಕರೆದಂತೆ, ಒಲ್ಲೆನೆನ್ನಲಾಗದ ಕರೆ ನಿಮಂತ್ರಣ, ಬಂದರೂ ಸರಿ, ಬಾರದಿದ್ದರೂ ಸರಿ ಎಂಬ ಸಲಿಗೆಯದು ಆಮಂತ್ರಣ, ಗುರುವಿನ ಬಳಿಗೆ ಹೋಗಿ, ನನ್ನ ಮಗನಿಗೆ ಪಾಠ ಹೇಳಿಕೊಡಬೇಕೆಂದು ಸತ್ಕಾರಪೂರ್ವಕವಾಗಿ ಕೇಳಿಕೊಳ್ಳುವುದು ಅಧೀಷ್ಟ. ಕ್ರಿಯಾರೂಪ ಒಂದೇ, ಬದಲಾದುದು ಸಂಬಂಧ. ಕಾವ್ಯದ ಉಪದೇಶವನ್ನು ಕುರಿತು ಮಮ್ಮಟನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತ ಎಂದು ಮಾಡಿದ ವಿಭಾಗವೂ ಇದೇ ಜಾತಿಯದು. ಕನ್ನಡದ ಶಾಲಾವ್ಯಾಕರಣಗಳು ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಕ್ರಿಯಾಪದದ ರೂಪಗಳನ್ನು ಬೇರ್ಪಡಿಸಿ ಅಲ್ಲಿಗೆ ನಿಲ್ಲುತ್ತವೆಯಾದರೂ, ಆಡುವ ಜನರು 'ಹೋಗು', 'ಹೋಗಿ', 'ಹೋಗಬೇಕು', 'ಹೋಗತಕ್ಕದ್ದು', 'ಹೋಗಬಾರದೆ?', 'ಹೋದರೆ ಒಳ್ಳೆಯದಿತ್ತು' ಎಂಬ ಸೋಪಾನವನ್ನು ಯಾವ ವ್ಯಾಕರಣದ ಹಂಗೂ ಇಲ್ಲದೆ ಏರುತ್ತ ಇಳಿಯುತ್ತ ಇರುವರು.

ಫಳ್ನೀರಿನಿಂದ ಬಲ್ಮಠವು ನಡೆದುಹೋಗುವಷ್ಟು ಹತ್ತಿರ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1841ರಲ್ಲಿ ಅಲ್ಲಿ ತೊಡಗಿಸಿದ ಕಲ್ಲಚ್ಚಿನ ಮುದ್ರಣಾಲಯವನ್ನೂ, 1843ರಲ್ಲಿ ಮೋಗ್ಲಿಂಗರು ಹೊರಡಿಸಿದ 'ಮಂಗಳೂರ ಸಮಾಚಾರ'ವನ್ನೂ ಎಲ್ಲರೂ ನೆನೆಯುತ್ತಾರೆ. ಅದೇ ಮುದ್ರಣಾಲಯವು ವ್ಯಾಕರಣಗಳ ತವರುಮನೆಯೂ ಆಗಿದ್ದಿತೆಂಬುದನ್ನು ನೆನೆಯುವವರು ವಿರಳ. ಕಿಟ್ಟೆಲರು ಸಂಪಾದಿಸಿದ ಕೇಶಿರಾಜನ 'ಶಬ್ದಮಣಿದರ್ಪಣ'ವೂ ಬ್ರಿಗೆಲರ ತುಳು ವ್ಯಾಕರಣವೂ 1872ರಲ್ಲಿ ಇಲ್ಲಿಂದಲೇ ಹೊರಬಂದುವು. 1882ರಲ್ಲಿ ಜೆಸ್ವಿತ್ ಪಾದ್ರಿ ಮಾಫೆಯಿಯವರ ಕೊಂಕಣಿ ವ್ಯಾಕರಣ, 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಕಿಟ್ಟೆಲರ ಮಹಾನಿಘಂಟು, 1903ರಲ್ಲಿ ಅವರದೇ ಕನ್ನಡ ವ್ಯಾಕರಣ: ಒಂದು ಊರಿನಿಂದ ಮೂವತ್ತು ವರ್ಷಗಳಲ್ಲಿ ಮೂರು ದೇಶಭಾಷೆಗಳ ಶಾಸ್ತ್ರವು ಹೀಗೆ ಸಾಲುಗಟ್ಟಿ ಪ್ರಕಟವಾದ ನಿದರ್ಶನ ನಮ್ಮ ನಾಡಿನಲ್ಲಿ ಬೇರೆ ಕಡೆ ಸಿಕ್ಕುವುದು ಕಷ್ಟ. ಆದರೆ ಈ ವ್ಯಾಕರಣಗಳನ್ನೂ ನಿಘಂಟುಗಳನ್ನೂ ಇಂಗ್ಲಿಷಿನಲ್ಲಿ ವಿವರಿಸಿ ಬರೆದುದು ಹೊರಗಿನವರು ನಮ್ಮ ನುಡಿಗಳನ್ನು ಕಲಿಯಲೆಂದು. ಸೇತುವೆಯನ್ನು ಕಟ್ಟಿದ್ದಾಯಿತು, ಅದರ ಮೇಲೆ ಸಂಚಾರವು ಒಂದೇ ದಿಕ್ಕಿನದಾಗಿತ್ತು. ತುಳುವನ್ನು, ಕೊಂಕಣಿಯನ್ನು, ಕನ್ನಡವನ್ನು ಮನೆಯಲ್ಲಿ ಆಡುವ ಮಗುವು ತನ್ನ ನುಡಿಯ ಕಡೆಯಿಂದ ಇಂಗ್ಲಿಷಿಗೆ ಹೋಗುವ ದಾರಿಯನ್ನು ಅಷ್ಟೇ ಶ್ರದ್ಧೆಯಿಂದ ಯಾರೂ ಹಾಕಿಕೊಡಲಿಲ್ಲ.

ಹಾಕಿಕೊಡಬೇಕಾಗಿದ್ದವು ಶಾಲೆಗಳು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಹೈಸ್ಕೂಲು, 1921ರಲ್ಲಿ ಸ್ತ್ರೀಯರಿಗಾಗಿ ಸಂತ ಆಗ್ನೆಸ್ ಕಾಲೇಜು ತೆರೆದುವು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದುದರಿಂದ ಪಠ್ಯವೂ ಪರೀಕ್ಷೆಯೂ ಅಲ್ಲಿಯ ಮಾದರಿಯವು. ಭಾರತದ ವಿದ್ಯಾರ್ಥಿಯ ಕೈಯಲ್ಲಿ ಮೊದಲು ನೆಸ್‌ಫೀಲ್ಡರ ವ್ಯಾಕರಣ. 1930ರ ದಶಕದಿಂದೀಚೆಗೆ ರೆನ್ ಮತ್ತು ಮಾರ್ಟಿನ್. ಈ ರೆನ್ ಮಹಾಶಯರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು, 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿಯನ್ನು ಬರೆದು ಲೋಕಪ್ರಸಿದ್ಧರಾದವರು. ಆದರೆ ನಮ್ಮ ದೇಶದಲ್ಲಿ ಅವರ ಹೆಸರು ಉಳಿದಿರುವುದು ಸಾಹಸದಿಂದಲ್ಲ, ವ್ಯಾಕರಣದ ಅಭ್ಯಾಸಗಳಿಂದ. ಅರ್ಥಗೆಡದಂತೆ ವಾಕ್ಯದ ರೂಪವನ್ನು ಬದಲಿಸಿ ಬರೆಯಿರಿ ಎಂಬ ಅಭ್ಯಾಸ ಆ ಸಂಪ್ರದಾಯದ ಕೊಡುಗೆ. 'ಲೈಕ್ ಬೆಟರ್ ದ್ಯಾನ್' ಇದ್ದಲ್ಲಿ 'ಪ್ರಿಫರ್ ಟು' ಹಾಕಿದರೆ ಅಂಕ ಬಂತು. ಆ ವಾಕ್ಯವನ್ನು ಯಾರು ಯಾರ ಮನೆಯ ಚಾವಡಿಯಲ್ಲಿ ಕುಳಿತು ಹೇಳುತ್ತಿದ್ದಾರೆಂಬುದನ್ನು ಕೇಳುವವರಿರಲಿಲ್ಲ.

ಮುಂದಿನ ಸುಧಾರಣೆಗಳನ್ನು ಬೇಗನೆ ದಾಟಬಹುದು. ಜಪಾನಿನಲ್ಲಿ ಅಧ್ಯಾಪಕರಾಗಿದ್ದ ಹಾರ್ನ್‌ಬಿಯವರು 1942ರಲ್ಲಿ ಟೋಕಿಯೋದಲ್ಲಿ ಪ್ರಕಟಿಸಿದ ನಿಘಂಟು, ಮುಂದೆ ಆಕ್ಸ್‌ಫರ್ಡ್ ಮುದ್ರಣಾಲಯದ ಮೂಲಕ ಲೋಕಕ್ಕೆಲ್ಲ ಹಬ್ಬಿ, ಪ್ರತಿಯೊಂದು ಕ್ರಿಯಾಪದವೂ ಯಾವ ವಿನ್ಯಾಸದಲ್ಲಿ ನಿಲ್ಲುತ್ತದೆಂಬುದನ್ನು ತೋರಿಸಿಕೊಟ್ಟಿತು. ಇದು ಉಪಕಾರವೇ ಸರಿ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ ಬೆಂಗಳೂರು ಪ್ರಯೋಗವು ಇದಕ್ಕೆ ತೀರ ವಿರುದ್ಧವಾದ ದಿಕ್ಕನ್ನು ಹಿಡಿದು, ವ್ಯಾಕರಣವನ್ನು ಹೇಳಿಕೊಡದೆಯೇ, ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದ ಕೆಲಸಗಳಲ್ಲಿ ಮಕ್ಕಳ ಬುದ್ಧಿಯನ್ನು ತೊಡಗಿಸಿ, ಅರ್ಥದ ಹಿಂದೆ ರೂಪವು ತಾನಾಗಿ ಬರುವುದೆಂದು ಸಾರಿತು. ಜಗತ್ತಿನ ಭಾಷಾಶಿಕ್ಷಣಶಾಸ್ತ್ರದಲ್ಲಿ ಕರ್ನಾಟಕದ ಹೆಸರನ್ನು ಬರೆಸಿದ ಪ್ರಯೋಗವದು. ಇಂದಿನ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಒಂದು ಸಂಭಾಷಣೆಯನ್ನು ಕೊಟ್ಟು, ಅಡಿಗೆರೆ ಎಳೆದ ವಾಕ್ಯವು ಸಲಹೆಯೆ, ಕೋರಿಕೆಯೆ, ಅನುಮತಿ ಬೇಡುವುದೆ ಎಂದು ಆರಿಸಲು ಹೇಳುತ್ತಾರೆ. ಹಿಂದಿನದಕ್ಕಿಂತ ಇದು ಮೇಲು. ಆದರೆ 'ಶುಡ್' ಇರುವ ವಾಕ್ಯಕ್ಕೂ 'ಹ್ಯಾಡ್ ಬೆಟರ್' ಇರುವ ವಾಕ್ಯಕ್ಕೂ ಸಲಹೆ ಎಂಬ ಒಂದೇ ಮುದ್ರೆಯನ್ನು ಒತ್ತಿದಲ್ಲಿ, ಗದರಿಕೆಗೂ ಸಾಂತ್ವನಕ್ಕೂ ಭೇದವಿಲ್ಲವೆಂದು ಹೇಳಿದಂತೆಯೇ ಆಗುತ್ತದೆ.

ಇನ್ನು ಒಂದೊಂದೇ ರೂಪವನ್ನು ನೋಡೋಣ. 'ಪ್ರಿಫರ್' ಎಂಬುದು ಲ್ಯಾಟಿನಿನಿಂದ ಬಂದ ಮಾತು. ಮುಂದೆ ಇಡು, ಮುಂದಕ್ಕೆ ತರು ಎಂಬುದು ಅದರ ಧಾತ್ವರ್ಥ. ಒಂದನ್ನು ಮತ್ತೊಂದಕ್ಕೆ ಮುಂದಾಗಿ ಇಡುವುದಾದುದರಿಂದ ಅದರ ಮುಂದೆ 'ಟು' ಬರುವುದೇ ಹೊರತು 'ದ್ಯಾನ್' ಬರುವುದಿಲ್ಲ; 'ಸೀನಿಯರ್', 'ಜೂನಿಯರ್', 'ಸುಪೀರಿಯರ್' ಎಂಬ ಲ್ಯಾಟಿನ್ ಬಳಗದ ಮಾತುಗಳೆಲ್ಲಕ್ಕೂ ಇದೇ ಕಟ್ಟು. ನಮ್ಮ ಹುಡುಗರು ಕಾಫಿಗಿಂತ ಚಹಾ ಇಷ್ಟವೆಂಬಲ್ಲಿ 'ದ್ಯಾನ್' ಹಾಕಿ ಬೈಸಿಕೊಳ್ಳುತ್ತಾರೆ. 'ಗಿಂತ' ಎಂದರೆ 'ದ್ಯಾನ್' ಎಂದು ಅವರಿಗೆ ಕಲಿಸಿದವರು ನಾವೇ. ಆದರೆ ಆ 'ಗಿಂತ'ವನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಚತುರ್ಥೀ ವಿಭಕ್ತಿ ಕುಳಿತಿದೆ: ನನಗೆ, ನನಗಿಂತ, ಅದಕ್ಕೆ, ಅದಕ್ಕಿಂತ, ಕಾಫಿಗೆ, ಕಾಫಿಗಿಂತ. ಇಂಗ್ಲಿಷಿನ 'ಟು' ಎಂಬುದು ಆ 'ಗೆ'ಯೇ. ಇದನ್ನು ಕರಿಹಲಗೆಯ ಮೇಲೆ ಎರಡು ಗೆರೆಗಳಲ್ಲಿ ತೋರಿಸಿದರೆ, ಅಪವಾದವೆಂದು ಉರುಹೊಡೆಯಬೇಕಾದದ್ದು ಪರಿಚಿತವಾದ ಮುಖವಾಗಿಬಿಡುವುದು. ಆದರೂ ಎಚ್ಚರ: 'ಪ್ರಿಫರ್' ಆದಮೇಲೆ 'ಟು' ಕೂಡಿದ ಕ್ರಿಯಾರೂಪ ಬಂದಲ್ಲಿ, ಎರಡನೆಯ ಪಕ್ಷಕ್ಕೆ 'ರಾದರ್ ದ್ಯಾನ್' ಎಂಬುದನ್ನೇ ಹೇಳಬೇಕು, ಎರಡು 'ಟು'ಗಳು ಒಂದರ ಮೇಲೊಂದು ಬಿದ್ದರೆ ಕಿವಿಗೆ ಹಿತವಿಲ್ಲ.

ರೂಪವನ್ನು ಕಲಿತರೂ ನಮ್ಮವರು 'ಪ್ರಿಫರ್' ಎನ್ನಲು ಹಿಂಜರಿಯುವುದುಂಟು. ಅದರ ಕಾರಣ ವ್ಯಾಕರಣವಲ್ಲ, ಮರ್ಯಾದೆ. ಮಂಗಳೂರಿನ ಮನೆಗೆ ಮಧ್ಯಾಹ್ನದ ಬಿಸಿಲಿನಲ್ಲಿ ಹೋದರೆ ಶರಬತ್ತು ಆಗಬಹುದೆ, ಬೊಂಡ ಕೆತ್ತಿಸುವುದೆ, ಚಾ ಮಾಡಲೆ ಎಂದು ಮನೆಯವರು ಕೇಳುತ್ತಾರೆ. ಬಂದವನು, ಎಲ್ಲಕ್ಕಿಂತ ಚಹಾ ನನಗೆ ಹೆಚ್ಚು ಇಷ್ಟ ಎಂದು ಎದೆ ಸೆಟೆಸಿ ಹೇಳುವುದಿಲ್ಲ. 'ಏನೂ ಬೇಡ' ಎಂದು ಮೊದಲು ಹೇಳಿ, ಮತ್ತೆ ಒತ್ತಾಯಿಸಿದಮೇಲೆ 'ಚಾ ಸಾಕು' ಎನ್ನುತ್ತಾನೆ. ಇಲ್ಲವೇ 'ಚಾ ಆದೀತು' ಎಂದು ಸಂಭಾವನಾರ್ಥಕದ ಮರೆಯಲ್ಲಿ ನಿಲ್ಲುತ್ತಾನೆ. ತನ್ನ ಇಚ್ಛೆಯನ್ನು ಅಲ್ಪತೃಪ್ತಿಯ ರೂಪದಲ್ಲಿ ಒಪ್ಪಿಸುವ ಈ ರೀತಿಯಲ್ಲಿ ಎಷ್ಟು ಸೌಜನ್ಯವಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನವನಿಗೆ ಇಚ್ಛೆಯನ್ನು ಮುಚ್ಚಿಡುವುದೇ ಅಸೌಜನ್ಯವಾಗಿ ಕಾಣಬಹುದು. ಕೇಳಿದ ಮೇಲೆ ಇಂಥದೆಂದು ಹೇಳಿದರೆ ಕೊಡುವವನಿಗೆ ಅನುಕೂಲ ಎಂಬುದು ಅವನ ನ್ಯಾಯ. ಇಲ್ಲಿ ಯಾರದೂ ತಪ್ಪಲ್ಲ. ಆದರೆ ಒಂದು ನ್ಯಾಯದಲ್ಲಿ ಬೆಳೆದವನಿಗೆ ಮತ್ತೊಂದು ನ್ಯಾಯದ ಮಾತನ್ನು ಕಲಿಸುವಾಗ, ಮಾತಿನ ಹಿಂದೆ ಇಂಥ ಒಂದು ನ್ಯಾಯವಿದೆಯೆಂದಾದರೂ ತಿಳಿಸಬೇಕು.

'ರಾದರ್' ಎಂಬುದರ ಕಥೆಯು ಇನ್ನೂ ಸ್ವಾರಸ್ಯವಾದುದು. ಬೇಗ, ಶೀಘ್ರ ಎಂಬರ್ಥದ ಹಳೆಯ ಇಂಗ್ಲಿಷ್ ಮಾತೊಂದರ ತರತಮರೂಪವದು; ಹೆಚ್ಚು ಬೇಗನೆ ಮಾಡುವೆನು ಎಂಬುದು ಹೆಚ್ಚು ಇಷ್ಟದಿಂದ ಮಾಡುವೆನು ಎಂದಾಯಿತು. ಇಂದು ನಾವು 'ವುಡ್ ರಾದರ್' ಎನ್ನುವಲ್ಲಿ ಹಿಂದೆ 'ಹ್ಯಾಡ್ ರಾದರ್' ಎಂದೂ ಹೇಳುತ್ತಿದ್ದರು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಅದು ಉಂಟು. 1611ರ ಇಂಗ್ಲಿಷ್ ಬೈಬಲಿನ ಎಂಬತ್ತನಾಲ್ಕನೆಯ ಕೀರ್ತನೆಯಲ್ಲಿ, ದುಷ್ಟರ ಬಿಡಾರದಲ್ಲಿ ವಾಸಿಸುವುದಕ್ಕಿಂತ ದೇವರ ಮನೆಯ ಬಾಗಿಲು ಕಾಯುವುದೇ ಲೇಸೆಂದು ಭಕ್ತನು ಹೇಳುವಲ್ಲಿಯೂ ಅದೇ ಕಟ್ಟು. ಆದರೆ 1755ರ ತನ್ನ ನಿಘಂಟಿನಲ್ಲಿ ಡಾಕ್ಟರ್ ಜಾನ್ಸನ್ ಇದನ್ನು ಈಚೆಗೆ ನುಸುಳಿದ ಅನಾಗರಿಕ ಪ್ರಯೋಗವೆಂದು ಖಂಡಿಸಿದನು. ಅವನಷ್ಟು ದೊಡ್ಡ ಪಂಡಿತನು ತನ್ನ ನುಡಿಯ ಹಳೆಯ ನಾಣ್ಯವನ್ನೇ ಖೋಟಾ ನಾಣ್ಯವೆಂದು ಎಸೆದುದು ವಿಚಿತ್ರ. ಆ ನಾಣ್ಯವನ್ನು ಮತ್ತೆ ಚಲಾವಣೆಗೆ ತಂದವರಲ್ಲಿ ಮುಖ್ಯನಾದ ಫಿಟ್ಜೆಡ್ವರ್ಡ್ ಹಾಲ್ ಎಂಬ ಅಮೆರಿಕದ ವಿದ್ವಾಂಸನಿಗೂ ಭಾರತಕ್ಕೂ ಗಾಢವಾದ ನಂಟಿದೆ. 1846ರಲ್ಲಿ ಹಡಗು ಒಡೆದು ಬಂಗಾಳಕ್ಕೆ ಬಂದಿಳಿದ ಈ ಯುವಕನು ಇಲ್ಲಿಯೇ ನಿಂತು, ಸಂಸ್ಕೃತವನ್ನು ಕಲಿತು, ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕನಾಗಿ, ಸಾಂಖ್ಯಗ್ರಂಥಗಳನ್ನು ಸಂಪಾದಿಸಿದವನು. 1881ರಲ್ಲಿ ಅವನು ಪ್ರಕಟಿಸಿದ ದೀರ್ಘಪ್ರಬಂಧವು ಶತಮಾನಗಳ ಉದಾಹರಣೆಗಳನ್ನು ರಾಶಿ ಹಾಕಿ, 'ಹ್ಯಾಡ್ ರಾದರ್', 'ಹ್ಯಾಡ್ ಬೆಟರ್' ಎಂಬ ಪ್ರಯೋಗಗಳು ನುಸುಳಿಬಂದವಲ್ಲ, ಕುಲೀನವೆಂದು ಸಾಧಿಸಿತು. ಕಾಶಿಯ ಪಂಡಿತರ ನಡುವೆ ಬದುಕಿದವನಿಗೆ, ಶಿಷ್ಟಪ್ರಯೋಗವೇ ವ್ಯಾಕರಣಕ್ಕೆ ಪ್ರಮಾಣವೆಂಬುದು ಬೇರೆಯವರಿಗಿಂತ ಹೆಚ್ಚು ನಿಚ್ಚಳವಾಗಿದ್ದಿರಬಹುದೆಂದು ನಾನು ನಂಬುತ್ತೇನೆ.

ಈಗ ವಿಷಯದ ಮರ್ಮಕ್ಕೆ ಬರೋಣ. 'ವುಡ್ ರಾದರ್' ಆದಮೇಲೆ ಬೇರೊಬ್ಬ ಕರ್ತೃವು ಬಂದರೆ ಕ್ರಿಯಾಪದವು ಭೂತಕಾಲದಲ್ಲಿ ಇರಬೇಕೆಂಬುದು ನಿಯಮ: ನೀವು ನಾಳೆ ಬರುವುದು ನನಗೆ ಇಷ್ಟ ಎಂಬುದನ್ನು 'ಐ ವುಡ್ ರಾದರ್ ಯು ಕೇಮ್ ಟುಮಾರೋ' ಎನ್ನುತ್ತಾರೆ. ನಾಳೆಯ ಮಾತಿಗೆ ನಿನ್ನೆಯ ಕ್ರಿಯಾಪದವೇ ಎಂದು ವಿದ್ಯಾರ್ಥಿಗಳು ಬೆರಗಾಗುತ್ತಾರೆ. ಇಂಗ್ಲಿಷು ಹಾಗೆಯೇ, ಬಾಯಿಪಾಠ ಮಾಡಿ ಎಂದು ಅಧ್ಯಾಪಕರು ಮುಂದಕ್ಕೆ ಹೋಗುತ್ತಾರೆ. ಆದರೆ ಅದೇ ವಿದ್ಯಾರ್ಥಿಯು ಆ ಬೆಳಗ್ಗೆ ಮನೆಯಿಂದ ಹೊರಡುವಾಗ 'ನಾಳೆ ಬಂದರೆ ಒಳ್ಳೆಯದು' ಎಂದು ಯಾರಿಗೋ ಹೇಳಿಯೇ ಬಂದಿರುತ್ತಾನೆ. 'ಬಂದರೆ' ಎಂಬುದು ಯಾವ ಕಾಲ? ಹಳಗನ್ನಡದ 'ಬಂದೊಡೆ', ನಡುಗನ್ನಡದ 'ಬಂದಡೆ', ನಮ್ಮ 'ಬಂದರೆ', 'ಹೋದರೆ', 'ಮಾಡಿದರೆ' ಇವೆಲ್ಲವೂ 'ಬಂದ', 'ಹೋದ', 'ಮಾಡಿದ' ಎಂಬ ಭೂತಕೃದಂತದ ಮೇಲೆಯೇ ನಿಂತಿವೆ. ನಡೆಯದಿರುವುದನ್ನು, ನಡೆದೀತೋ ಇಲ್ಲವೋ ಎಂಬುದನ್ನು ಹೇಳಲು ನಡೆದುದರ ರೂಪವನ್ನು ತೊಡಿಸುವುದು ಇಂಗ್ಲಿಷಿನ ವಿಕಾರವಲ್ಲ, ಸಾವಿರ ವರ್ಷಗಳಿಂದ ಕನ್ನಡಿಗರ ನಾಲಗೆಯಲ್ಲಿ ಇರುವ ಕ್ರಮ.

ಇನ್ನೂ ಹತ್ತಿರದ ಸಾಕ್ಷಿ ಬೇಕಾದರೆ ಅಂಗಡಿಗೆ ಹೋಗಿ ನೋಡಬೇಕು. ಗಿರಾಕಿಯು ಕೌಂಟರಿನ ಮುಂದೆ ನಿಂತು 'ಎರಡು ಕಿಲೋ ಕುಚ್ಚಲಕ್ಕಿ ಬೇಕಿತ್ತು' ಎನ್ನುತ್ತಾನೆ. ಅಕ್ಕಿ ನಿನ್ನೆ ಬೇಕಾದುದಲ್ಲ, ಈಗಲೇ ಬೇಕಾದುದು. 'ಡಾಕ್ಟರರ ಹತ್ತಿರ ಒಂದು ಮಾತು ಕೇಳಬೇಕಿತ್ತು' ಎಂದು ಫಳ್ನೀರಿನ ಯಾವ ಆಸ್ಪತ್ರೆಯ ಬಾಗಿಲಲ್ಲಿಯಾದರೂ ಹಳ್ಳಿಯಿಂದ ಬಂದ ಹೆಂಗಸು ದಾದಿಯನ್ನು ವಿನಂತಿಸುವುದನ್ನು ಕೇಳಬಹುದು. 'ಬೇಕು' ಎಂದರೆ ಹಕ್ಕಿನ ಧ್ವನಿ. 'ಬೇಕಿತ್ತು' ಎಂದರೆ, ಹೀಗೊಂದು ಅಪೇಕ್ಷೆ ಇತ್ತು, ಈಡೇರಿಸುವುದೂ ಬಿಡುವುದೂ ನಿಮ್ಮ ಚಿತ್ತ ಎಂದು ಹಿಂದಕ್ಕೆ ಸರಿದು ನಿಲ್ಲುವ ಧ್ವನಿ. ಇಂಗ್ಲಿಷಿನ 'ವಿಲ್'ಗೆ 'ವುಡ್', 'ಕ್ಯಾನ್'ಗೆ 'ಕುಡ್', 'ಶಲ್'ಗೆ 'ಶುಡ್' ಆದುದೂ ಹೀಗೆಯೇ. 'ಶುಡ್', 'ಆಟ್' ಎರಡೂ ಋಣವನ್ನು ಸೂಚಿಸುತ್ತಿದ್ದ ಕ್ರಿಯಾಪದಗಳ ಭೂತರೂಪಗಳು. 'ಮಸ್ಟ್' ಕೂಡ ಮೂಲದಲ್ಲಿ ಭೂತರೂಪವೇ. ಕರ್ತವ್ಯವನ್ನು ಋಣವೆಂದು ಕಾಣುವ ದೃಷ್ಟಿ ದೇವಋಣ, ಪಿತೃಋಣಗಳ ನಾಡಿನವರಿಗೆ ಹೊಸದೆನಿಸಬಾರದು. ಹದಿನೇಳನೆಯ ಶತಮಾನದಿಂದೀಚೆಗೆ 'ದೌ' ಎಂಬ ಏಕವಚನವನ್ನು ಕಳೆದುಕೊಂಡು, ರಾಜನಿಗೂ ಆಳಿಗೂ 'ಯು' ಎಂಬ ಒಂದೇ ಸರ್ವನಾಮದಲ್ಲಿ ಸಂಸಾರ ನಡೆಸಬೇಕಾದ ಇಂಗ್ಲಿಷು, ನಾವು ನೀನು, ನೀವು ಎಂದೂ, ತುಳುವರು ಈ, ಈರ್ ಎಂದೂ ಸರ್ವನಾಮದಲ್ಲಿಯೇ ಮುಗಿಸಿಬಿಡುವ ಗೌರವಭೇದವನ್ನು ಈ ಸಹಾಯಕ ಕ್ರಿಯಾಪದಗಳ ಹೆಗಲಿಗೆ ಹೊರಿಸಿತೆಂದು ನನ್ನ ಅಭಿಪ್ರಾಯ. ಆದುದರಿಂದ ಇವುಗಳನ್ನು ಕಾಲಪ್ರಕರಣದಲ್ಲಿ ಕಲಿಸುವುದಕ್ಕಿಂತ ಮರ್ಯಾದೆಯ ಪ್ರಕರಣದಲ್ಲಿ ಕಲಿಸುವುದು ಯುಕ್ತ.

ಈ ಭೂತಕಾಲದ ವಿನಯಕ್ಕೆ ಒಂದು ಘೋರವಾದ ಅಪವಾದವುಂಟು. ಅದೇ 'ಹ್ಯಾಡ್ ಬೆಟರ್'. ಹುಟ್ಟಿನಲ್ಲಿ ಅದೂ ಸಾಧುವೇ. ಪ್ರಾಚೀನ ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ಕರ್ತೃವನ್ನು ಚತುರ್ಥಿಯಲ್ಲಿ ನಿಲ್ಲಿಸಿ, 'ನನಗೆ ಒಳ್ಳೆಯದಿತ್ತು' ಎಂಬಂತೆಯೇ ಹೇಳುತ್ತಿದ್ದರು. ನಮಗೆ 'ನನಗೆ ಬೇಕು', ತುಳುವಿನಲ್ಲಿ 'ಎಂಕ್ ಬೋಡು', ಕೊಂಕಣಿಯಲ್ಲಿ 'ಮ್ಹಾಕಾ ಜಾಯ್' ಇರುವ ಹಾಗೆ. ಕಾಲಕ್ರಮದಲ್ಲಿ 'ನನಗೆ' ಹೋಗಿ 'ನಾನು' ಬಂತು, 'ಇರು' ಎಂಬರ್ಥದ ಕ್ರಿಯಾಪದದ ಎಡೆಯಲ್ಲಿ 'ಹ್ಯಾಡ್' ಬಂತು, ಮಾತಿನ ಸ್ವಭಾವವೂ ಬದಲಾಯಿತು. ಇಂದು 'ಯು ಹ್ಯಾಡ್ ಬೆಟರ್ ಗೋ' ಎಂದರೆ, ಹೋಗು, ಹೋಗದಿದ್ದರೆ ಆಗುವುದನ್ನು ನೀನೇ ಅನುಭವಿಸಬೇಕು ಎಂಬ ಎಚ್ಚರಿಕೆ ಬಾಲದಲ್ಲಿ ಕಟ್ಟಿಕೊಂಡೇ ಬರುತ್ತದೆ. ಈ ಹೊತ್ತಿನ, ಈ ಸಂದರ್ಭದ ಮಾತಿಗೆ ಮಾತ್ರ ಅದು ಸಲ್ಲುತ್ತದೆ. ಮನುಷ್ಯನು ಸತ್ಯವನ್ನು ನುಡಿಯಬೇಕೆಂಬಂಥ ಸಾರ್ವಕಾಲಿಕ ಧರ್ಮವನ್ನು ಹೇಳಲು 'ಶುಡ್' ಬೇಕು. ಮುಂದೆ 'ಟು' ಇಲ್ಲದ ಕ್ರಿಯಾಪದ, ನಿಷೇಧಕ್ಕೆ 'ಹ್ಯಾಡ್ ಬೆಟರ್ ನಾಟ್', ಸಮಾನರಿಗೂ ಕಿರಿಯರಿಗೂ ಮಾತ್ರ ಪ್ರಯೋಗ. ತನಗೆ ತಾನೇ ಹೇಳಿಕೊಳ್ಳುವಾಗ ಯಾವ ಅಪಾಯವೂ ಇಲ್ಲ.

ಇದಕ್ಕೆ ಕನ್ನಡದಲ್ಲಿ ಸರಿಸಾಟಿ ಇಲ್ಲವೆಂದು ಹೇಳುವವರುಂಟು. ಇದೆ, ಮತ್ತು ಚೆನ್ನಾಗಿಯೇ ಇದೆ. 'ನೀನು ಈಗ ಸುಮ್ಮನಿರುವುದು ಒಳ್ಳೆಯದು' ಎಂದು ಅಣ್ಣನು ತಮ್ಮನಿಗೆ ಹೇಳಿದರೆ ಅದು ಹಿತವಚನವಲ್ಲವೆಂಬುದು ತಮ್ಮನಿಗೆ ಗೊತ್ತು. 'ಈಗಲೇ ಹೊರಟರೆ ಸರಿ' ಎಂದರೆ, ಇಲ್ಲವಾದರೆ ಬಸ್ಸು ತಪ್ಪುವುದೆಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. 'ಇರುವುದು ಒಳ್ಳೆಯದು' ಎಂಬುದು ಗದರಿಕೆ, 'ಇದ್ದರೆ ಒಳ್ಳೆಯದಿತ್ತು' ಎಂಬುದು ವಿನಂತಿ; 'ಒಳ್ಳೆಯದು' ಎಂಬ ಮಾತು ಎರಡಕ್ಕೂ ಸಮಾನ, ಭೇದವೆಲ್ಲ ಕ್ರಿಯೆಯ ರೂಪದಲ್ಲಿ ಮತ್ತು ಆ 'ಇತ್ತು'ವಿನಲ್ಲಿ. ಕರಾವಳಿಯವರಾದರೋ ಎಷ್ಟೇ ಕಟುವಾದ ಹಿತವನ್ನು ಹೇಳಿದರೂ ಕೊನೆಗೆ ಒಂದು 'ಮಾರಾಯ್ರೆ' ಎಂಬುದನ್ನು ಸೇರಿಸಿ ಅದರ ಮೊನೆಯನ್ನು ಮುರಿಯುವರು: 'ಬೇಗ ಹೊರಡಿ ಮಾರಾಯ್ರೆ, ಮಳೆ ಬಂತು.' ಇಂಗ್ಲಿಷಿನಲ್ಲಿ ಇಂಥದೊಂದು ಮಾತು ಇಲ್ಲದಿರುವುದು ಆ ಭಾಷೆಯ ದೌರ್ಭಾಗ್ಯವೆಂದೇ ಹೇಳಬೇಕು.

ಈ ಭೇದವು ಕೇವಲ ವಿದ್ವಜ್ಜನರ ವಿನೋದವಲ್ಲ. ವಿದೇಶಗಳ ಆಸ್ಪತ್ರೆಗಳಲ್ಲಿ ಉದ್ಯೋಗ ಬಯಸುವ ದಾದಿಯರು ಬರೆಯುವ ಒ.ಇ.ಟಿ. ಪರೀಕ್ಷೆಯಲ್ಲಿ, ಅದಕ್ಕೆಂದೇ ನೇಮಿಸಿದವರೊಬ್ಬರು ರೋಗಿಯ ಪಾತ್ರ ವಹಿಸಿ ಸಂಭಾಷಣೆ ನಡೆಸುವ ಒಂದು ಭಾಗವಿದೆ. ಕಂಕನಾಡಿ, ಫಳ್ನೀರುಗಳ ಸುತ್ತಿನ ಆಸ್ಪತ್ರೆಗಳಲ್ಲಿ ತರಬೇತಾದ ಹುಡುಗಿಯರು ಇದಕ್ಕೆ ಸಿದ್ಧರಾಗುತ್ತಾರೆ. ಅಂಥ ಒಂದು ಅಭ್ಯಾಸವನ್ನು ಮಹಡಿಯ ಮೇಲಿನ ಕೊಠಡಿಯೊಂದರಲ್ಲಿ ಕುಳಿತು ಕೇಳಿದ್ದೇನೆ. ಕಾಲು ಊದಿಕೊಂಡಿರುವ ಎಪ್ಪತ್ತೈದರ ಮುದುಕನಿಗೆ ಉಪ್ಪನ್ನು ಕಡಿಮೆ ಮಾಡಲು ಹೇಳಬೇಕು. ಹುಡುಗಿಯು ಗಟ್ಟಿಯಾದ ಸಲಹೆಗೆ ಗಟ್ಟಿಯಾದ ಪದವೆಂದು ಪುಸ್ತಕದಲ್ಲಿ ಓದಿದ್ದುದರಿಂದ 'ಯು ಹ್ಯಾಡ್ ಬೆಟರ್ ರೆಡ್ಯೂಸ್ ಸಾಲ್ಟ್' ಎಂದಳು. ಶಬ್ದಶಃ ತಪ್ಪಿಲ್ಲ, ಆದರೆ ಆ ಮುದುಕನು ಮಗಳ ವಯಸ್ಸಿನವಳಿಂದ ಬೆದರಿಕೆಯನ್ನು ಕೇಳಿದಂತಾಯಿತು. ಇದನ್ನೇ ಕನ್ನಡದಲ್ಲಿ ಹೇಳಮ್ಮಾ ಎಂದು ಕಲಿಸುವಾತ ಕೇಳಿದಾಗ, ಒಂದು ಕ್ಷಣವೂ ತಡೆಯದೆ, 'ಅಜ್ಜಾ, ಉಪ್ಪು ಸ್ವಲ್ಪ ಕಡಿಮೆ ಮಾಡಿದರೆ ಒಳ್ಳೆಯದಿತ್ತು, ಬಾವು ಇಳಿಯುತ್ತದೆ' ಎಂದಳು. ಸಂಬೋಧನೆ, ಪಕ್ಷಾರ್ಥ, ಭೂತಕಾಲದ ವಿನಯ, ಕಾರಣ, ಎಲ್ಲವೂ ತಮ್ಮತಮ್ಮ ಸ್ಥಾನದಲ್ಲಿ ಇದ್ದುವು. ಅವಳಿಗೆ ಬೇಕಾಗಿದ್ದುದು, ಆ ವಾಕ್ಯವು 'ಇಟ್ ವುಡ್ ಹೆಲ್ಪ್ ಇಫ್' ಎಂಬ ರೂಪದಲ್ಲಿ ಇಂಗ್ಲಿಷಿನಲ್ಲಿಯೂ ಇದೆ ಎಂಬ ಒಂದು ತಿಳಿವಳಿಕೆ ಮಾತ್ರ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಇಂಗ್ಲಿಷು ಈಗ ನಮ್ಮದೂ ಆಗಿದೆ, ಭಾರತೀಯರು ತಮಗೆ ತೋಚಿದಂತೆ ಅದನ್ನು ಆಡುವ ಹಕ್ಕನ್ನು ಪಡೆದಿದ್ದಾರೆ, 'ಯು ಬೆಟರ್ ಡು ಒನ್ ಥಿಂಗ್' ಎಂದು ನಾವು ಸ್ನೇಹದಿಂದ ಹೇಳಿದರೆ ಲಂಡನ್ನಿನವನು ಕೋಪಿಸಿಕೊಳ್ಳುವುದು ಅವನ ಸಂಕಟ ಎಂದು ವಾದಿಸುವವರುಂಟು. ಈ ವಾದದಲ್ಲಿ ಅರ್ಧ ಸತ್ಯವಿದೆ. ಇಂಗ್ಲಿಷು ಹುಟ್ಟುನುಡಿಯಾಗಿರುವವರೇ ಮಾತಿನ ಓಟದಲ್ಲಿ 'ಹ್ಯಾಡ್' ಎಂಬುದನ್ನು ನುಂಗಿ 'ಯು ಬೆಟರ್' ಎನ್ನುತ್ತಿರುವಾಗ, ನಮ್ಮ ಮೇಲೆ ಮಾತ್ರ ಬೆತ್ತ ಎತ್ತುವುದು ನ್ಯಾಯವಲ್ಲ. ನಮ್ಮೊಳಗೆ ನಾವು ಆಡಿಕೊಳ್ಳುವಾಗ ಯಾವ ಹಾನಿಯೂ ಇಲ್ಲ. ಆದರೆ ಪರಸ್ಥಳದಲ್ಲಿ, ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ, ಕೇಳುವವನ ಕಿವಿಯೇ ಪ್ರಮಾಣ. ಹಕ್ಕಿನ ಪ್ರಶ್ನೆಯನ್ನು ಅಲ್ಲಿ ಎತ್ತಿದರೆ ಕೆಲಸ ಕೆಡುವುದು.

ಮೊದಲು ಎತ್ತಿದ ಪ್ರಶ್ನೆಗೆ ನನ್ನ ಉತ್ತರ ಇದು: ದೋಷವು ಕಲಿಯುವವರದಲ್ಲ, ಇಂಗ್ಲಿಷಿನದೂ ಅಲ್ಲ, ಮನೆಮಾತನ್ನು ತರಗತಿಯ ಹೊರಗೆ ಚಪ್ಪಲಿಯಂತೆ ಬಿಡಿಸಿ ಒಳಗೆ ಕರೆದ ಕ್ರಮದ್ದು. ಆದುದರಿಂದ ಈ ಊರಿನ ಅಧ್ಯಾಪಕರಲ್ಲಿ ಒಂದು ಬಿನ್ನಹ. ಬಲ್ಮಠದ ಹಳೆಯ ವ್ಯಾಕರಣಗಳು ಹೊರಗಿನವರಿಗೆ ಮಾಡಿಕೊಟ್ಟ ಉಪಕಾರವನ್ನು ನೀವು ನಮ್ಮ ಮಕ್ಕಳಿಗೆ ಮಾಡಿಕೊಡಿ. ಇಚ್ಛೆ, ಹಿತ, ಎಚ್ಚರಿಕೆ ಇಷ್ಟನ್ನೇ ವಿಷಯವಾಗಿಟ್ಟುಕೊಂಡು, ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತುಗಳ ವಾಕ್ಯಗಳನ್ನು ಎಡಗಡೆಗೂ ಇಂಗ್ಲಿಷಿನವನ್ನು ಬಲಗಡೆಗೂ ಬರೆದು, ಯಾರು ಯಾರಿಗೆ ಹೇಳಬಹುದೆಂಬುದನ್ನು ಪ್ರತಿಯೊಂದರ ಕೆಳಗೂ ಗುರುತಿಸಿದ ಐವತ್ತು ಪುಟಗಳ ಕೈಪಿಡಿಯೊಂದನ್ನು ನಾಲ್ಕು ಜನ ಸೇರಿ ಒಂದು ಬೇಸಗೆ ರಜೆಯಲ್ಲಿ ಸಿದ್ಧಪಡಿಸಬಹುದು. ಅಷ್ಟಕ್ಕೆ ಪುರುಸೊತ್ತು ಇಲ್ಲದವರು, 'ವುಡ್', 'ಶುಡ್'ಗಳ ಮುಂದಿನ ಪಾಠವನ್ನಾದರೂ ಅಂಗಡಿಯ ಆ 'ಬೇಕಿತ್ತು'ವಿನಿಂದ ತೊಡಗಿಸಿ ನೋಡಬೇಕೆಂದು ಕೋರುತ್ತೇನೆ.